ಹಿಮ ಕರಗುವ ಕಾಲದ ನೆರೆ ಮತ್ತು ಕಾಡುಗಿಚ್ಚು

"ಟೈಗ ಪ್ರದೇಶದ ವಾಯುಗುಣವನ್ನು ವಿವರಿಸಿರಿ" ಎಂಬ ಪ್ರಶ್ನೆ ಭೂಗೋಳಶಾಸ್ತ್ರದ ಪರೀಕ್ಷೆಯಲ್ಲಿ ಬಂದರೆ ನಮ್ಮಲ್ಲಿ ಬಹುಮಂದಿ ಬರೆಯುವ ಉತ್ತರ ಒಂದೇ. ಚಳಿಗಾಲ ದೀರ್ಘ ಮತ್ತು ಕಠೋರ. ಬೇಸಗೆ ಅಲ್ಪಕಾಲಿಕ ಮತ್ತು ತಂಪು. ಸೂಚಿಪರ್ಣಿ ವೃಕ್ಷಗಳ ಕಾಡು ಎತ್ತ ನೋಡಿದರೂ ಹಬ್ಬಿದೆ. ಉತ್ತರದಲ್ಲಿ ತಪ್ಪಿಲ್ಲ, ಅಂಕಗಳೂ ದೊರೆಯುತ್ತವೆ. ಆದರೆ ಇದನ್ನು ಓದಿದವನಿಗೆ ಅಂಥ ನಾಡಿನಲ್ಲಿ ಬೆಂಕಿಗೆ ಹೆದರಿ ಒಂದು ಇಡೀ ಊರು ಒಂದೇ ದಿನದಲ್ಲಿ ಖಾಲಿಯಾಗಬಹುದೆಂಬುದಾಗಲಿ, ಮಳೆಯ ಹನಿಯೊಂದೂ ಬೀಳದೆ ಅದೇ ಊರು ನೀರಿನಲ್ಲಿ ಮುಳುಗಬಹುದೆಂಬುದಾಗಲಿ ಹೊಳೆಯುವುದಿಲ್ಲ. ಕೆನಡ ದೇಶದ ಫೋರ್ಟ್ ಮ್ಯಾಕ್‌ಮರೆ ಎಂಬ ಪಟ್ಟಣ ಇವೆರಡನ್ನೂ ಕಂಡಿದೆ. 2016ರ ಮೇ 3ರಂದು ಅದಕ್ಕೆ ಕಾಡುಗಿಚ್ಚು ಹೊಕ್ಕಿತು. 2020ರ ಏಪ್ರಿಲ್ 26ರಂದು ನೆರೆ ಹೊಕ್ಕಿತು. ವರ್ಷಗಳು ಬೇರೆಯಾದರೂ ಪಂಚಾಂಗದಲ್ಲಿ ಈ ಎರಡು ದಿನಗಳಿಗೆ ಇರುವ ಅಂತರ ಒಂದೇ ವಾರ. ಇದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆಲ್ಬರ್ಟ ಪ್ರಾಂತದ ಈಶಾನ್ಯ ಭಾಗದಲ್ಲಿ, ಉತ್ತರ ಅಕ್ಷಾಂಶ 56 ಡಿಗ್ರಿಗಿಂತ ತುಸು ಮೇಲೆ ಈ ಊರಿದೆ. ಹಡ್ಸನ್ ಬೇ ಕಂಪೆನಿಯವರು 1870ರಲ್ಲಿ ತುಪ್ಪಳದ ವ್ಯಾಪಾರಕ್ಕಾಗಿ ಇಲ್ಲಿ ಠಾಣೆಯನ್ನು ಕಟ್ಟಿದರು. ಈಗ ಸುತ್ತಲಿನ ಎಣ್ಣೆಮರಳಿನ ಗಣಿಗಳಿಂದ ಊರು ಬೆಳೆದಿದೆ. ರಾಕಿ ಪರ್ವತಗಳಲ್ಲಿ ಹುಟ್ಟುವ ಅಥಬಾಸ್ಕ ನದಿಗೆ ಪೂರ್ವದಿಂದ ಬರುವ ಕ್ಲಿಯರ್‌ವಾಟರ್ ನದಿ ಕೂಡುವ ಸಂಗಮಸ್ಥಾನದಲ್ಲಿಯೇ ಹಳೆಯ ಪೇಟೆ ಇದೆ. ಅಥಬಾಸ್ಕ ಉತ್ತರಾಭಿಮುಖವಾಗಿ ಹರಿಯುತ್ತದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

ಎಲ್ಲಕ್ಕೂ ಮೂಲ ಅಲ್ಲಿಯ ಬಿಸಿಲು. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಹಗಲು ಏಳು ಗಂಟೆಗೂ ಕಡಮೆ. ಮೇ ತಿಂಗಳ ಆರಂಭದ ಹೊತ್ತಿಗೆ ಅದು ಹದಿನೈದೂವರೆ ಗಂಟೆಯಾಗುತ್ತದೆ, ಜೂನ್ ಕೊನೆಗೆ ಸುಮಾರು ಹದಿನೆಂಟು. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಎಂಬತ್ತು ಪಾಲಿಗೂ ಮಿಗಿಲಾಗಿ ಹಿಂದಕ್ಕೆ ಕಳುಹಿಸಿಬಿಡುತ್ತದೆ. ಹೀರಿಕೊಂಡ ಸ್ವಲ್ಪ ಶಾಖವೂ ಹವೆಯನ್ನು ಕಾಯಿಸುವುದಕ್ಕೆ ಉಳಿಯುವುದಿಲ್ಲ. ಒಂದು ಗ್ರಾಂ ಮಂಜುಗಡ್ಡೆ ನೀರಾಗಲು 80 ಕ್ಯಾಲೊರಿ ಬೇಕೆಂದು ಹೈಸ್ಕೂಲಿನಲ್ಲಿಯೇ ಕಲಿತಿದ್ದೇವಲ್ಲವೆ? ಆದುದರಿಂದ ಹಿಮವಿರುವವರೆಗೆ ನಾಡು ತಂಪಾಗಿಯೇ ಇರುತ್ತದೆ. ಹಿಮ ಹೋಗಿ ಕಪ್ಪು ನೆಲ ಹೊರಬಿದ್ದ ಕೂಡಲೆ ಅಷ್ಟುದ್ದದ ಹಗಲಿನ ಬಿಸಿಲೆಲ್ಲ ನೆಲಕ್ಕೂ ಗಾಳಿಗೂ ಸಲ್ಲತೊಡಗುತ್ತದೆ. ಚಳಿಗಾಲದಿಂದ ಬೇಸಗೆಗೆ ಆಗುವ ಈ ಬದಲಾವಣೆಗೆ ಕೆಲವು ವೇಳೆ ಎರಡು ವಾರವೂ ಹಿಡಿಯುವುದಿಲ್ಲ.

ಮೊದಲು ನೆರೆಯ ವಿಚಾರ. ನಮ್ಮ ಹೊಳೆಗಳು ಉಕ್ಕುವುದು ಮುಂಗಾರು ಮಳೆಯಿಂದ. ಮೋಡ ಕವಿದರೆ ದಡದವನು ಎಚ್ಚರಗೊಳ್ಳುತ್ತಾನೆ. ಅಲ್ಲಿಯವನಾದರೊ ಆಕಾಶ ನಿರ್ಮಲವಾದಾಗ ಎಚ್ಚರಗೊಳ್ಳಬೇಕು. ಆರು ತಿಂಗಳ ಹಿಮ ಕೆಲವೇ ದಿನಗಳಲ್ಲಿ ಕರಗುತ್ತದೆ; ಕೆಳಗಿನ ಮಣ್ಣು ಇನ್ನೂ ಹೆಪ್ಪುಗಟ್ಟಿರುವುದರಿಂದ ನೀರು ಇಂಗದೆ ಹಳ್ಳಕ್ಕೆ ಓಡುತ್ತದೆ. ಆದರೂ ದೊಡ್ಡ ಅಪಾಯ ಈ ನೀರಿಗಿಂತ ನದಿಯ ಮೇಲಣ ಮಂಜುಗಡ್ಡೆಯಲ್ಲಿದೆ. ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ಅದರ ಮೇಲ್ಭಾಗದಲ್ಲಿ ಬೇಸಗೆ ಮೊದಲು ಬರುತ್ತದೆ, ಕೆಳಭಾಗದಲ್ಲಿ ತಡವಾಗಿ. ಮೇಲಿನಿಂದ ಏರಿ ಬಂದ ನೀರು ಗಡ್ಡೆಯನ್ನು ಒಡೆದು ಹಲಗೆ ಹಲಗೆಯಾಗಿ ನೂಕಿಕೊಂಡು ಬರುತ್ತದೆ. ಕೆಳಗೆ ಇನ್ನೂ ಗಟ್ಟಿಯಾಗಿರುವ ಹಾಸು ಅದನ್ನು ತಡೆಯುತ್ತದೆ. ಫೋರ್ಟ್ ಮ್ಯಾಕ್‌ಮರೆಯಲ್ಲಿ ಇದರ ಜೊತೆಗೆ ಇನ್ನೊಂದು ತೊಡಕು. ಊರಿನವರೆಗೆ ಅಥಬಾಸ್ಕ ನದಿ ಕಲ್ಲುಗಳ ಮೇಲೆ ಧುಮುಕುತ್ತ ಬರುತ್ತದೆ. ಊರನ್ನು ಮುಟ್ಟಿದೊಡನೆ ಇಳಿಜಾರು ಕಡಮೆಯಾಗಿ, ನಡುಗಡ್ಡೆಗಳೂ ಮರಳದಿಣ್ಣೆಗಳೂ ತುಂಬಿದ ಅಗಲ ಪಾತ್ರದಲ್ಲಿ ನಿಧಾನವಾಗುತ್ತದೆ. ವೇಗವಾಗಿ ಬಂದ ಗಡ್ಡೆಗಳು ಅಲ್ಲಿ ಒಂದರ ಮೇಲೊಂದು ಏರಿ ಕಟ್ಟೆ ಕಟ್ಟಿಬಿಡುತ್ತವೆ. ಮುಂದೆ ಹೋಗಲಾರದ ನೀರು ಕ್ಲಿಯರ್‌ವಾಟರ್ ನದಿಯೊಳಕ್ಕೆ ಹಿಮ್ಮುಖವಾಗಿ ನುಗ್ಗಿ, ಸಂಗಮದ ಪೇಟೆಯನ್ನು ಹಿಂಬಾಗಿಲಿನಿಂದ ಪ್ರವೇಶಿಸುತ್ತದೆ. ಠಾಣೆ ಕಟ್ಟಿದ ಐದೇ ವರ್ಷಗಳಲ್ಲಿ, 1875ರಲ್ಲಿ, ಇಂತಹ ನೆರೆ ಬಂದಿತ್ತು. 2020ರಲ್ಲಿ ಕಟ್ಟಿಕೊಂಡ ಗಡ್ಡೆಯ ರಾಶಿ ಸುಮಾರು 25 ಕಿಲೋಮೀಟರ್ ಉದ್ದವಿತ್ತು. ಹದಿಮೂರು ಸಾವಿರ ಜನ ಮನೆ ಬಿಟ್ಟರು. ಅದೂ ಕೋವಿಡ್ ವ್ಯಾಧಿಯ ಕಾರಣ ಜನ ಒಟ್ಟುಗೂಡಬಾರದೆಂದಿದ್ದ ವಸಂತದಲ್ಲಿ.

ಈ ಕಟ್ಟೆಯನ್ನು ಒಡೆಯುವುದು ಸುಲಭವಲ್ಲ. ಸೈಬೀರಿಯದ ಲೆನಾ ನದಿಯೂ ಉತ್ತರಕ್ಕೇ ಹರಿಯುತ್ತದೆ. 2001ರ ಮೇ ತಿಂಗಳಲ್ಲಿ ಅದರ ದಡದ ಲೆನ್ಸ್ಕ್ ಪಟ್ಟಣ ಮುಳುಗಿದಾಗ ರಷ್ಯದವರು ವಿಮಾನಗಳಿಂದ ಗಡ್ಡೆಯ ಮೇಲೆ ಬಾಂಬು ಹಾಕಿದರು. ಊರು ಮಾತ್ರ ಉಳಿಯಲಿಲ್ಲ. ಅಲಾಸ್ಕದ ನೆನಾನ ಎಂಬ ಹಳ್ಳಿಯವರು ಗಡ್ಡೆಯನ್ನು ಒಡೆಯುವ ಗೋಜಿಗೆ ಹೋಗದೆ ಪಂದ್ಯ ಕಟ್ಟುತ್ತಾರೆ! 1917ರಿಂದ ಅಲ್ಲಿ ಟನಾನ ನದಿಯ ಮಂಜಿನ ಮೇಲೆ ಮರದ ಕಂಬಗಳ ಗುರುತೊಂದನ್ನು ನಿಲ್ಲಿಸಿ, ಅದು ಯಾವ ದಿನ, ಯಾವ ನಿಮಿಷದಲ್ಲಿ ಕೊಚ್ಚಿಹೋಗುವುದೆಂದು ಹಣವೊಡ್ಡುವ ವಾಡಿಕೆ. ಜೂಜೇ ಹೌದು, ಆದರೆ ನೂರು ವರ್ಷಗಳ ಕಾಲ ಒಂದೇ ಸ್ಥಳದಲ್ಲಿ ತಪ್ಪದೆ ನಡೆದ ಈ ಲೆಕ್ಕ ಇಂದು ವಿಜ್ಞಾನಿಗಳಿಗೆ ದೊರೆತ ಉತ್ತಮ ದಾಖಲೆಗಳಲ್ಲೊಂದು. 2013ರಲ್ಲಿ ಮೇ 20ರವರೆಗೆ ತಡೆದ ಗಡ್ಡೆ 2019ರಲ್ಲಿ ಏಪ್ರಿಲ್ 14ಕ್ಕೇ ಒಡೆಯಿತು. ಶತಮಾನದ ಒಟ್ಟು ಒಲವು ಬೇಗ ಒಡೆಯುವ ಕಡೆಗೇ ಇದೆ.

ಇನ್ನು ಬೆಂಕಿ. ಇಷ್ಟು ನೀರು ಹರಿದ ನಾಡಿನಲ್ಲಿ ಕಾಡು ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದೇ ಈ ಪಾಠದಲ್ಲಿ ನನ್ನನ್ನು ಹೆಚ್ಚು ಕಾಲ ಕಾಡಿದ ಪ್ರಶ್ನೆ. ಉತ್ತರ ಹೀಗೆ: ನದಿಯ ನೀರು ಕಣಿವೆಯಲ್ಲಿ ಹೋಗುತ್ತದೆ, ದಿಬ್ಬದ ಮೇಲಿನ ತರಗೆಲೆಯನ್ನು ಅದು ತೋಯಿಸುವುದಿಲ್ಲ. ಹಿಮ ಕರಗಿದ ದಿನಕ್ಕೂ ಹೊಸ ಚಿಗುರು ಬರುವ ದಿನಕ್ಕೂ ನಡುವೆ ಕೆಲವು ವಾರಗಳ ಬಿಡುವು ಉಂಟು. ಆಗ ಹಿಂದಿನ ವರ್ಷದ ಹುಲ್ಲು ಸತ್ತು ಒಣಗಿ ಮಲಗಿರುತ್ತದೆ. ಆಸ್ಪೆನ್ ಮರಗಳಲ್ಲಿ ಎಲೆಯಿಲ್ಲ. ಆದುದರಿಂದ ಬಿಸಿಲೂ ಗಾಳಿಯೂ ನೆಲದವರೆಗೆ ಬರುತ್ತವೆ. ಸದಾ ಹಸುರಾಗಿ ಕಾಣುವ ಸ್ಪ್ರೂಸ್, ಪೈನ್ ಮರಗಳ ಸೂಜಿಯೆಲೆಗಳಲ್ಲಿಯೂ ಹೊಸ ಚಿಗುರು ಒಡೆಯುವ ಮುನ್ನ ತೇವದ ಪ್ರಮಾಣ ವರ್ಷದಲ್ಲೇ ಅತ್ಯಂತ ಕೆಳಕ್ಕೆ ಇಳಿಯುತ್ತದೆ. ಕಪ್ಪು ಸ್ಪ್ರೂಸಿನ ಕೊಂಬೆಗಳು ನೆಲದವರೆಗೆ ಇಳಿಬಿದ್ದಿರುವುದರಿಂದ ಹುಲ್ಲಿನ ಬೆಂಕಿಗೆ ಅವೇ ಏಣಿ.

ಕೆನಡದವರು ಬೆಂಕಿಯ ಅಪಾಯವನ್ನು ಅಳೆಯಲು 1970ರಿಂದ ಒಂದು ಸೂಚ್ಯಂಕವನ್ನು ಬಳಸುತ್ತಿದ್ದಾರೆ. ಅದರಲ್ಲಿ ಕಾಡಿನ ನೆಲವನ್ನು ಮೂರು ಪದರಗಳಾಗಿ ಎಣಿಸುತ್ತಾರೆ. ಎಲ್ಲಕ್ಕೂ ಮೇಲಿನ ತರಗು ಒಂದು ದಿನದ ಬಿಸಿಲಿಗೇ ಒಣಗುತ್ತದೆ. ಅದರ ಕೆಳಗಿನ ಅರೆಕಳಿತ ಪದರಕ್ಕೆ ವಾರಗಳು ಬೇಕು. ಆಳದ ಗಟ್ಟಿ ಪದರಕ್ಕೆ ತಿಂಗಳುಗಳು. ಎಂದರೆ ಅಂಗೈಯಗಲ ಕೆಳಗೆ ಮಂಜು ಇನ್ನೂ ಇರುವಾಗಲೇ ಮೇಲಿನ ತರಗು ಕಡ್ಡಿ ಗೀರಿದರೆ ಹೊತ್ತಿಕೊಳ್ಳುವ ಸ್ಥಿತಿಯಲ್ಲಿರಬಹುದು. ಉತ್ತರದಿಂದ ಇಳಿದುಬರುವ ಗಾಳಿಯೂ ಸಹಾಯಕ. ಶೀತವಾಯುವಿನಲ್ಲಿ ನೀರಾವಿ ಅತ್ಯಲ್ಪ. ಅದೇ ವಾಯು ಇಲ್ಲಿ ಕಾದಾಗ ಅದರ ಆರ್ದ್ರತೆ ನೂರಕ್ಕೆ ಇಪ್ಪತ್ತಕ್ಕೂ ಕೆಳಗೆ ಇಳಿಯುವುದುಂಟು.

2016ರಲ್ಲಿ ಇವೆಲ್ಲ ಒಟ್ಟಿಗೆ ಕೂಡಿದವು. ಹಿಂದಿನ ಚಳಿಗಾಲ ಎಲ್ ನಿನೋ ವರ್ಷದ್ದು. ಹಿಮ ಕಡಮೆ ಬಿದ್ದಿತ್ತು, ಬೇಗ ಹೋಯಿತು. ಮೇ 1ರಂದು ಊರಿನ ನೈರುತ್ಯಕ್ಕೆ ಬೆಂಕಿ ಕಾಣಿಸಿತು. ಮೇ ತಿಂಗಳ ಸರಾಸರಿ ಉಷ್ಣತೆ ಸುಮಾರು 10 ಡಿಗ್ರಿ ಸೆಂಟಿಗ್ರೇಡ್ ಇರುವ ಆ ಊರಿನಲ್ಲಿ ಮೇ 3ರಂದು 32 ಡಿಗ್ರಿಗೂ ಮೇಲೇರಿತು. "ಬೇಸಗೆ ತಂಪು" ಎಂಬ ನಮ್ಮ ಪಠ್ಯಪುಸ್ತಕದ ಮಾತು ಸರಾಸರಿಯ ಮಾತೆಂಬುದನ್ನು ಇಲ್ಲಿ ಗಮನಿಸಬೇಕು. ಕಾಡು ಸುಡುವುದು ಸರಾಸರಿಯ ದಿನದಲ್ಲಲ್ಲ. ಆಗತಾನೆ ಗಡ್ಡೆ ಕಳಚಿದ್ದ ಅಗಲವಾದ ಅಥಬಾಸ್ಕ ನದಿಯನ್ನೇ ಕಿಡಿಗಳು ದಾಟಿದವು. ಮಧ್ಯಾಹ್ನ ಗಾಳಿ ತಿರುಗಿ ಬೆಂಕಿ ಬೀದಿಗಳಿಗೆ ಬಂದಿತು. ಊರಿನಿಂದ ದಕ್ಷಿಣಕ್ಕೆ ಹೋಗಲು ಇದ್ದುದು ಒಂದೇ ಹೆದ್ದಾರಿ. ಎಂಬತ್ತೆಂಟು ಸಾವಿರ ಜನ, ಕೆಲವರು ಉತ್ತರದ ಗಣಿಶಿಬಿರಗಳ ಕಡೆಗೆ, ಉಳಿದವರು ದಕ್ಷಿಣಕ್ಕೆ, ರಸ್ತೆಯ ಅಂಚಿನಲ್ಲಿಯೇ ಉರಿಯುತ್ತಿದ್ದ ಮರಗಳ ನಡುವೆ ಕಾರುಗಳನ್ನು ನಡೆಸಿಕೊಂಡು ಹೊರಟರು. ಸುಮಾರು 2,400 ಕಟ್ಟಡಗಳು ಸುಟ್ಟುಹೋದವು. ಬೆಂಕಿಗೆ ನೇರವಾಗಿ ಯಾರೂ ಬಲಿಯಾಗಲಿಲ್ಲವೆಂಬುದು ಆಶ್ಚರ್ಯ. ಓಡುವ ದಾರಿಯಲ್ಲಿ ವಾಹನಾಪಘಾತದಿಂದ ಇಬ್ಬರು ಸತ್ತರು. ಕಾಡು ಉರಿದ ವಿಸ್ತಾರ ಸುಮಾರು 5 ಲಕ್ಷ 90 ಸಾವಿರ ಹೆಕ್ಟೇರು. ಜವುಗು ನೆಲದ ಪೀಟ್ ಎಂಬ ಕಳಿತ ಸಸ್ಯರಾಶಿಯೊಳಗೆ ಕೆಂಡ ಇಡೀ ಚಳಿಗಾಲ ಹಿಮದ ಕೆಳಗೆ ಹೊಗೆಯಾಡುತ್ತಿದ್ದು, ಬೆಂಕಿ ಸಂಪೂರ್ಣವಾಗಿ ಆರಿತೆಂದು ಸಾರಿದ್ದು 2017ರ ಆಗಸ್ಟ್ ತಿಂಗಳಲ್ಲಿ.

ಹೀಗಿರುವಾಗ ಆ ಊರಿನ ಅಧಿಕಾರಿಗಳು ಏಪ್ರಿಲ್ ಕೊನೆಯಲ್ಲಿ ನದಿಯನ್ನೂ ಕಾಡನ್ನೂ ಒಟ್ಟಿಗೆ ಕಾಯಬೇಕು. ಹಿಮ ಹೆಚ್ಚಾದರೆ ನೆರೆಯ ಚಿಂತೆ, ಕಡಮೆಯಾದರೆ ಕಿಚ್ಚಿನ ಚಿಂತೆ. ಕಣಿವೆಯಲ್ಲಿ ಮನೆ ಕಟ್ಟಿದವನು ನೀರಿಗೂ, ದಿಬ್ಬದ ಕಾಡಿನಂಚಿನಲ್ಲಿ ಕಟ್ಟಿದವನು ಬೆಂಕಿಗೂ ಹತ್ತಿರ. ಸಂಗಮದ ಬಳಿಯ ವಾಟರ್‌ವೇಸ್ ಎಂಬ ಹಳೆಯ ಕೇರಿಗೆ ಈ ಆಯ್ಕೆಯೂ ಇರಲಿಲ್ಲ. 2016ರಲ್ಲಿ ಅದರ ಬಹುಪಾಲು ಮನೆಗಳು ಸುಟ್ಟವು, 2020ರಲ್ಲಿ ಅಲ್ಲಿಯವರು ಮತ್ತೆ ಮನೆ ಬಿಡಬೇಕಾಯಿತು. ನದಿಯ ಅಂಚಿನಲ್ಲಿ ಮತ್ತೆ ಕಟ್ಟಬೇಕೆ, ಬೇಡವೆ ಎಂದು ಅಲ್ಲಿ ಚರ್ಚೆ ನಡೆದಿದೆ. ದೂರದಲ್ಲಿ ಕುಳಿತು ನಕ್ಷೆ ನೋಡುವ ನಮಗೆ "ಬೇಡ" ಎಂದು ಹೇಳುವುದು ಸುಲಭ. ಆ ಮನೆಯ ಸಾಲ ತೀರಿಸುತ್ತಿರುವವನಿಗೆ ಅಷ್ಟು ಸುಲಭವಲ್ಲ.

2024ರ ಮೇ 14ರಂದು ಮತ್ತೊಂದು ಕಾಡುಗಿಚ್ಚು ನೈರುತ್ಯದ ಕಡೆಯಿಂದಲೇ ಊರನ್ನು ಸಮೀಪಿಸಿತು. ಬೀಕನ್ ಹಿಲ್, ಅಬಸಾಂಡ್ ಮೊದಲಾದ ಬಡಾವಣೆಗಳ ಸುಮಾರು 6,600 ಮಂದಿಗೆ ಹೊರಡಲು ಆಜ್ಞೆಯಾಯಿತು. 2016ರಲ್ಲಿ ಸುಟ್ಟು, ಹೊಸದಾಗಿ ಕಟ್ಟಿದ್ದ ಬಡಾವಣೆಗಳೇ ಅವು. ಈ ಸಲ ತಂಪು ಗಾಳಿಯೂ ಮಳೆಯೂ ಬಂದವು. ಕೆಲವೇ ದಿನಗಳಲ್ಲಿ ಜನ ಅದೇ ಹೆದ್ದಾರಿಯಲ್ಲಿ ಹಿಂದಿರುಗಿದರು.