ತರತಮಭಾವದ ಕಲಿಕೆ: ಸ್ಪ್ಯಾನಿಷ್ ಭಾಷಿಕರು ಮತ್ತು ಇಂಗ್ಲಿಷಿನ ಗುಣವಾಚಕಗಳು

ಎರಡು ವಸ್ತುಗಳನ್ನು ಹೋಲಿಸಿ, ಒಂದರಲ್ಲಿರುವ ಗುಣ ಇನ್ನೊಂದರಲ್ಲಿ ಇರುವುದಕ್ಕಿಂತ ಹೆಚ್ಚೆಂದು ಹೇಳುವ ಅಗತ್ಯ ಎಲ್ಲ ಭಾಷಿಕರಿಗೂ ಉಂಟು. ಆದರೆ ಆ ಹೆಚ್ಚಳದ ಗುರುತನ್ನು ವಾಕ್ಯದ ಯಾವ ಅಂಗದಲ್ಲಿ ಇರಿಸಬೇಕೆಂಬುದನ್ನು ಪ್ರತಿಯೊಂದು ಭಾಷೆಯೂ ತನ್ನದೇ ರೀತಿಯಲ್ಲಿ ನಿರ್ಧರಿಸಿಕೊಂಡಿದೆ. ಸ್ಪ್ಯಾನಿಷ್ ಮನೆಮಾತಿನವರು ಇಂಗ್ಲಿಷ್ ಕಲಿಯುವಾಗ ‘ಟಾಲರ್’ ಎನ್ನಬೇಕಾದಲ್ಲಿ ‘ಮೋರ್ ಟಾಲ್’ ಎನ್ನುವುದು ಶಿಕ್ಷಕರಿಗೆ ಪರಿಚಿತವಾದ ಸಂಗತಿ. ಇದನ್ನು ಅಜಾಗರೂಕತೆಯೆಂದು ಬಗೆದು ತಿದ್ದಿಬಿಡುವುದು ಸುಲಭ. ಆದರೆ ಈ ರೂಪದ ಹಿಂದೆ ಸುಸಂಬದ್ಧವಾದ ವ್ಯಾಕರಣ ನಿಯಮವೊಂದು ಕೆಲಸ ಮಾಡುತ್ತಿರುತ್ತದೆ. ಆ ನಿಯಮದ ಸ್ವರೂಪವನ್ನು ಗುರುತಿಸಿ, ಅದರಿಂದ ಬೋಧನೆಯ ಕ್ರಮಕ್ಕೆ ಒದಗುವ ಸೂಚನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸ್ಪ್ಯಾನಿಷಿನ ವ್ಯವಸ್ಥೆ

ಸ್ಪ್ಯಾನಿಷಿನ ಮೂಲವಾದ ಲ್ಯಾಟಿನ್ನಿನಲ್ಲಿ ಗುಣವಾಚಕಕ್ಕೆ ಪ್ರತ್ಯಯ ಹತ್ತಿಸಿ ತರರೂಪವನ್ನು ಸಾಧಿಸಲಾಗುತ್ತಿತ್ತು. ಕಾಲಾನುಕ್ರಮದಲ್ಲಿ ಈ ಪದ್ಧತಿ ಅಳಿದು, ಅದರ ಸ್ಥಾನದಲ್ಲಿ ‘ಹೆಚ್ಚು’ ಎಂಬರ್ಥದ ಬಿಡಿಪದ ನಿಂತಿತು. ಫ್ರೆಂಚ್ ಮತ್ತು ಇಟಾಲಿಯನ್ ಭಾಷೆಗಳು ಲ್ಯಾಟಿನ್ನಿನ ‘ಪ್ಲುಸ್’ ಪದವನ್ನು ಉಳಿಸಿಕೊಂಡರೆ, ಸ್ಪ್ಯಾನಿಷ್ ‘ಮಗಿಸ್’ ಪದದಿಂದ ಬಂದ ‘ಮಾಸ್’ ಅನ್ನು ಆರಿಸಿಕೊಂಡಿತು. ‘ಆಲ್ತೊ’ ಎಂದರೆ ಎತ್ತರ. ‘ಮಾಸ್ ಆಲ್ತೊ ಕೆ’ ಎಂದರೆ ‘…ಗಿಂತ ಎತ್ತರ’. ಪದ ಚಿಕ್ಕದಿರಲಿ, ದೊಡ್ಡದಿರಲಿ, ವಿಧಾನ ಒಂದೇ. ಹಳೆಯ ಪ್ರತ್ಯಯರೂಪದ ಕುರುಹು ‘ಮೆಹೊರ್’ (ಇನ್ನೂ ಒಳ್ಳೆಯ), ‘ಪೆಓರ್’ (ಇನ್ನೂ ಕೆಟ್ಟ), ‘ಮಯೋರ್’ (ಹಿರಿಯ), ‘ಮೆನೋರ್’ (ಕಿರಿಯ) ಮೊದಲಾದ ಕೆಲವೇ ಪದಗಳಲ್ಲಿ ಉಳಿದಿದೆ. ಆಂತೋನಿಯೊ ದೆ ನೆಬ್ರಿಜಾ 1492ರಲ್ಲಿ ಪ್ರಕಟಿಸಿದ ಕ್ಯಾಸ್ಟಿಲಿಯನ್ ವ್ಯಾಕರಣದಲ್ಲಿಯೇ, ಲ್ಯಾಟಿನ್ನಿನಂತೆ ಎಲ್ಲ ಗುಣವಾಚಕಗಳಿಗೂ ಇಂಥ ರೂಪಗಳು ತನ್ನ ಭಾಷೆಯಲ್ಲಿ ಇಲ್ಲವೆಂಬುದನ್ನು ಗುರುತಿಸಿದ್ದನು.

2. ಇಂಗ್ಲಿಷಿನ ಇಬ್ಬಗೆ

ಇಂಗ್ಲಿಷಿನಲ್ಲಿ ಎರಡು ವಿಧಾನಗಳು ಜೊತೆಯಾಗಿ ಬಾಳುತ್ತಿವೆ. ಒಂದು ಉಚ್ಚಾರಾಂಶದ ಪದಗಳು ಸಾಮಾನ್ಯವಾಗಿ ‘ಅರ್’ ಪ್ರತ್ಯಯವನ್ನು ಪಡೆಯುತ್ತವೆ: ‘ಟಾಲರ್’, ‘ಚೀಪರ್’, ‘ಬಿಗ್ಗರ್’. ಮೂರು ಅಥವಾ ಹೆಚ್ಚಿನ ಉಚ್ಚಾರಾಂಶಗಳ ಪದಗಳು ‘ಮೋರ್’ ಅನ್ನು ಬಯಸುತ್ತವೆ: ‘ಮೋರ್ ಇಂಪಾರ್ಟೆಂಟ್’, ‘ಮೋರ್ ಬ್ಯೂಟಿಫುಲ್’. ತೊಡಕಿರುವುದು ನಡುವಿನ ಎರಡು ಉಚ್ಚಾರಾಂಶದ ಪದಗಳಲ್ಲಿ. ‘ಹ್ಯಾಪಿ’ಯಂಥವು ಪ್ರತ್ಯಯವನ್ನು ಪಡೆದು ‘ಹ್ಯಾಪಿಯರ್’ ಆಗುತ್ತವೆ. ‘ಮಾಡರ್ನ್’ ಅಂಥವು ‘ಮೋರ್’ ಜೊತೆಗೆ ಬರುತ್ತವೆ. ‘ಕ್ಲೆವರ್’, ‘ಸಿಂಪಲ್’ ಮೊದಲಾದವು ಎರಡಕ್ಕೂ ಒಗ್ಗುತ್ತವೆ. ‘ಬೋರ್ಡ್’ನಂಥ ಕೃದಂತರೂಪ ಒಂದೇ ಉಚ್ಚಾರಾಂಶದ್ದಾದರೂ ‘ಮೋರ್’ ಅನ್ನೇ ಬೇಡುತ್ತದೆ.

ಈ ಇಬ್ಬಗೆಗೆ ಚಾರಿತ್ರಿಕ ಹಿನ್ನೆಲೆಯಿದೆ. ಪ್ರತ್ಯಯ ಜರ್ಮ್ಯಾನಿಕ್ ಮೂಲದ್ದು. ‘ಮೋರ್’ ಬಳಸುವ ವಿಧಾನ ಮಧ್ಯಕಾಲೀನ ಇಂಗ್ಲಿಷಿನಲ್ಲಿ ವ್ಯಾಪಕವಾಗಿ ಬೆಳೆಯಿತು. ಷೇಕ್ಸ್‌ಪಿಯರನ ಕಾಲದಲ್ಲಿ ಎರಡನ್ನೂ ಕೂಡಿಸಿ ಹೇಳುವುದು ದೋಷವೆನಿಸಿರಲಿಲ್ಲ. ಅಂಥ ಇಮ್ಮಡಿ ರೂಪಗಳನ್ನು ಅಶುದ್ಧವೆಂದು ಸಾರಿದವರು ಮುಖ್ಯವಾಗಿ 18ನೆಯ ಶತಮಾನದ ವ್ಯಾಕರಣಕಾರರು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಅವರಲ್ಲೊಬ್ಬನು.

3. ದೋಷಗಳ ಸ್ವರೂಪ

ರಾಬರ್ಟ್ ಲ್ಯಾಡೊ 1957ರ ತನ್ನ ಗ್ರಂಥದಲ್ಲಿ ಕಲಿಯುವವನ ಭಾಷೆಯನ್ನೂ ಕಲಿಯಬೇಕಾದ ಭಾಷೆಯನ್ನೂ ಹೋಲಿಸಿ ಕಷ್ಟಗಳನ್ನು ಮುಂದಾಗಿ ಊಹಿಸಬಹುದೆಂದು ವಾದಿಸಿದನು. ‘ಮೋರ್ ಟಾಲ್’ ಎಂಬುದನ್ನು ಈ ವಾದ ಸರಿಯಾಗಿ ವಿವರಿಸುತ್ತದೆ. ‘ಟಾಲರ್ ದ್ಯಾನ್’ ಎನ್ನುವಲ್ಲಿ ‘ಟಾಲರ್ ದ್ಯಾಟ್’ ಎನ್ನುವುದಕ್ಕೂ ಇದೇ ಬಗೆಯ ಕಾರಣವಿದೆ: ಸ್ಪ್ಯಾನಿಷಿನ ‘ಕೆ’ ಒಂದೇ ಪದವು ಇಂಗ್ಲಿಷಿನ ಆ ಎರಡೂ ಪದಗಳ ಕೆಲಸ ಮಾಡುತ್ತದೆ. ಗುಣವಾಚಕ ನಾಮಪದದ ನಂತರ ಬರುವುದರಿಂದ ‘ಎ ಹೌಸ್ ಮೋರ್ ಬಿಗ್’ ಎಂಬ ಪದಕ್ರಮವೂ, ತಮರೂಪದೊಡನೆ ‘ದೆ’ ಬರುವುದರಿಂದ ‘ಇನ್ ದ ಕ್ಲಾಸ್’ ಎನ್ನಬೇಕಾದಲ್ಲಿ ‘ಆಫ್ ದ ಕ್ಲಾಸ್’ ಎಂಬ ಪ್ರಯೋಗವೂ ಹುಟ್ಟುತ್ತವೆ.

ಆದರೆ ‘ಮೋರ್ ಟಾಲರ್’ ಎಂಬ ರೂಪವನ್ನು ಮಾತೃಭಾಷೆಯ ಪ್ರಭಾವವೊಂದರಿಂದಲೇ ವಿವರಿಸಲಾಗದು. ಸ್ಪ್ಯಾನಿಷಿನಲ್ಲಿ ಹೀಗೆ ಹತ್ತಿಸಬಹುದಾದ ಪ್ರತ್ಯಯವೇ ಇಲ್ಲ. ಇಲ್ಲಿ ಕಲಿಯುವವನು ಇಂಗ್ಲಿಷಿನ ಹೊಸ ನಿಯಮವನ್ನು ಗ್ರಹಿಸಿದ್ದಾನೆ, ಹಳೆಯದನ್ನು ಇನ್ನೂ ಬಿಟ್ಟಿಲ್ಲ. ಎಸ್.ಪಿ. ಕಾರ್ಡರ್ 1967ರಲ್ಲಿ ದೋಷಗಳನ್ನು ಕಲಿಕೆಯ ಸಾಕ್ಷ್ಯಗಳೆಂದು ಕಂಡುದೂ, ಲ್ಯಾರಿ ಸೆಲಿಂಕರ್ 1972ರಲ್ಲಿ ‘ಅಂತರಭಾಷೆ’ಯ ಪರಿಕಲ್ಪನೆಯನ್ನು ಮಂಡಿಸಿದುದೂ ಇಂಥ ರೂಪಗಳನ್ನು ಅರಿಯಲು ನೆರವಾಗುತ್ತವೆ. ‘ಮೋರ್ ಟಾಲ್’ ಮತ್ತು ‘ಮೋರ್ ಟಾಲರ್’ ಎರಡಕ್ಕೂ ಒಂದೇ ಕೆಂಪು ಗೆರೆ ಎಳೆದರೆ, ಎರಡನೆಯವನು ಸಾಧಿಸಿರುವ ಮುನ್ನಡೆ ಶಿಕ್ಷಕನ ಕಣ್ಣಿಗೆ ಬೀಳದೆ ಹೋಗುತ್ತದೆ.

4. ಬೋಧನೆಯ ಕ್ರಮ

ಪಠ್ಯಪುಸ್ತಕಗಳು ಸಾಮಾನ್ಯವಾಗಿ ‘ಟಾಲ್’, ‘ಬಿಗ್’ ಮೊದಲಾದ ಚಿಕ್ಕ ಪದಗಳಿಂದ ಪಾಠವನ್ನು ಆರಂಭಿಸುತ್ತವೆ. ಸ್ಪ್ಯಾನಿಷ್ ಭಾಷಿಕನಿಗೆ ಅತ್ಯಂತ ಅಪರಿಚಿತವಾದುದು ಈ ಭಾಗವೇ. ಅವನಿಗೆ ನೆರವಾಗಬಲ್ಲುದು ಲ್ಯಾಟಿನ್ ಮೂಲದ ದೀರ್ಘ ಪದಗಳು. ‘ಇಂಪಾರ್ಟೆಂಟ್’ ಅವನ ‘ಇಂಪೊರ್ತಾಂತೆ’. ‘ಇಂಟರೆಸ್ಟಿಂಗ್’ ಅವನ ‘ಇಂತೆರೆಸಾಂತೆ’. ಇಲ್ಲಿ ಅವನ ನಿಯಮವೇ ಇಂಗ್ಲಿಷಿನ ನಿಯಮವೂ ಹೌದು. ಮೊದಲು ಈ ಪದಗಳಲ್ಲಿ ‘ದ್ಯಾನ್’ ಬಳಕೆಯನ್ನು ದೃಢಗೊಳಿಸಿ, ಅನಂತರ ಚಿಕ್ಕ ಪದಗಳಲ್ಲಿ ಪ್ರತ್ಯಯವನ್ನು ಪರಿಚಯಿಸಿದರೆ ಒಮ್ಮೆಗೆ ಒಂದೇ ಹೊಸ ಸಂಗತಿಯನ್ನು ಕಲಿಯುವ ಅನುಕೂಲ ದೊರೆಯುತ್ತದೆ. ‘ಬೆಟರ್’, ‘ವರ್ಸ್’ ಎಂಬ ಅನಿಯತ ರೂಪಗಳೂ ‘ಮೆಹೊರ್’, ‘ಪೆಓರ್’ಗಳ ಬಲದಿಂದ ಸುಲಭವಾಗಿ ನೆಲೆಗೊಳ್ಳಬಲ್ಲವು. ಈ ಕ್ರಮದಿಂದ ‘ಮೋರ್’ ಚಟ ಬಲಗೊಳ್ಳುವುದೆಂಬ ಆಕ್ಷೇಪಕ್ಕೆ ಆಸ್ಪದವುಂಟು. ಆದ್ದರಿಂದ ಎರಡು ಹಂತಗಳ ನಡುವೆ ದೀರ್ಘ ಅಂತರವಿರಬಾರದು. ‘ಚೀಪರ್’ ಮತ್ತು ‘ಮೋರ್ ಎಕ್ಸ್‌ಪೆನ್ಸಿವ್’ ಎಂಬಂಥ ಜೋಡಿಗಳನ್ನು ಬೇಗನೆ ಎದುರುಬದುರಾಗಿ ಇಡಬೇಕು.

5. ಕನ್ನಡದ ನೆಲೆಯಿಂದ

ಈ ಚರ್ಚೆ ಕನ್ನಡದ ಅಧ್ಯಾಪಕರಿಗೂ ಪ್ರಸ್ತುತವಾಗಿದೆ. ‘ರಾಮ ಭೀಮನಿಗಿಂತ ಎತ್ತರ’ ಎಂಬಲ್ಲಿ ಗುಣವಾಚಕ ಬದಲಾಗುವುದಿಲ್ಲ. ‘ಹೆಚ್ಚು’ ಎಂಬ ಪದವೂ ಅನಿವಾರ್ಯವಲ್ಲ. ಹೋಲಿಕೆಯ ಗುರುತು ‘ಭೀಮನಿಗಿಂತ’ ಎಂಬ ನಾಮರೂಪದಲ್ಲಿದೆ. ತಮಭಾವಕ್ಕೂ ಬೇರೆ ರೂಪ ಬೇಕಿಲ್ಲ. ‘ಎಲ್ಲರಿಗಿಂತ ಎತ್ತರ’ ಎಂದರೆ ಸಾಕು. ಆದ್ದರಿಂದ ಕನ್ನಡದ ವಿದ್ಯಾರ್ಥಿ ‘ಟಾಲ್ ದ್ಯಾನ್’ ಎಂದು ಬರೆದರೆ ಅಲ್ಲಿಯೂ ಅವನ ಭಾಷೆಯ ತರ್ಕವನ್ನೇ ಕಾಣಬೇಕು. ಸ್ಪ್ಯಾನಿಷ್ ಭಾಷಿಕ ಗುರುತನ್ನು ತಪ್ಪಾದ ರೂಪದಲ್ಲಿ ತರುತ್ತಾನೆ. ಕನ್ನಡಿಗ ಗುಣವಾಚಕಕ್ಕೆ ಗುರುತನ್ನು ಸೇರಿಸುವುದೇ ಇಲ್ಲ. ಇಬ್ಬರಿಗೂ ಒಂದೇ ಪಾಠ ಹೊಂದುವುದಿಲ್ಲ.

ಸಂಸ್ಕೃತದಿಂದ ಬಂದ ‘ಶ್ರೇಷ್ಠ’, ‘ಬಲಿಷ್ಠ’, ‘ಕನಿಷ್ಠ’ ಪದಗಳಲ್ಲಿರುವ ‘ಇಷ್ಠ’ ಪ್ರತ್ಯಯ ಇಂಗ್ಲಿಷಿನ ‘ಎಸ್ಟ್’ ಪ್ರತ್ಯಯದ ಜ್ಞಾತಿ. ಆದರೂ ಕನ್ನಡ ಅದನ್ನು ತಮಪ್ರತ್ಯಯವಾಗಿ ಉಳಿಸಿಕೊಳ್ಳಲಿಲ್ಲ. ‘ಅವನಿಗಿಂತ ಬಲಿಷ್ಠ’, ‘ಅತ್ಯಂತ ಶ್ರೇಷ್ಠ’ ಎಂಬ ಪ್ರಯೋಗಗಳಲ್ಲಿ ಅವು ಸಾಮಾನ್ಯ ಗುಣವಾಚಕಗಳಾಗಿವೆ. ಎರವಲು ಪದಗಳ ಆಧಾರದಿಂದ ಕನ್ನಡಕ್ಕೂ ತರ-ತಮ ಪ್ರತ್ಯಯಗಳ ವ್ಯವಸ್ಥೆಯಿದೆಯೆಂದು ಬೋಧಿಸಿದರೆ, ವಿದ್ಯಾರ್ಥಿ ತನ್ನ ಭಾಷೆಯನ್ನೂ ತಪ್ಪಾಗಿ ಅರಿಯುತ್ತಾನೆ, ಇಂಗ್ಲಿಷನ್ನು ಕಲಿಯಲು ಬೇಕಾದ ಆಧಾರವನ್ನೂ ಕಳೆದುಕೊಳ್ಳುತ್ತಾನೆ. ನೆಬ್ರಿಜಾ ತನ್ನ ನುಡಿಯಲ್ಲಿ ಇಲ್ಲದುದನ್ನು ಇಲ್ಲವೆಂದೇ ದಾಖಲಿಸಿದ ಕ್ರಮ ಈ ದೃಷ್ಟಿಯಿಂದ ಗಮನಾರ್ಹವಾಗಿದೆ. ಇಂಗ್ಲಿಷ್ ಕಲಿಯುವ ಕನ್ನಡ ವಿದ್ಯಾರ್ಥಿಗಳ ಬರಹಗಳನ್ನು ಈ ನೆಲೆಯಿಂದ ಸಂಗ್ರಹಿಸಿ ವರ್ಗೀಕರಿಸುವ ಕಾರ್ಯವನ್ನು ಕನ್ನಡ ವಿಭಾಗಗಳೂ ಕೈಗೆತ್ತಿಕೊಳ್ಳಬಹುದಾಗಿದೆ.