ನಾಯಿಗೆ ಜಂತಿನ ಮಾತ್ರೆ: ಯಾವುದು, ಎಷ್ಟು, ಯಾವಾಗ?

ಮರಿ ಸಾಕುವ ಅನೇಕರು ಜಂತಿನ ಔಷಧವನ್ನು ಮೊದಲ ಲಸಿಕೆಯ ದಿನದವರೆಗೆ ಮುಂದೂಡುತ್ತಾರೆ. ಅಷ್ಟು ಕಾಯಬಾರದು. ದುಂಡುಹುಳುವಿನ ಮರಿಹುಳುಗಳು ತಾಯಿಯ ಮಾಂಸಖಂಡಗಳಲ್ಲಿ ಅಡಗಿದ್ದು, ಗಬ್ಬದ ಕೊನೆಯ ವಾರಗಳಲ್ಲಿ ಎಚ್ಚೆತ್ತು ಹೊಟ್ಟೆಯೊಳಗಿನ ಮರಿಗಳನ್ನು ಸೇರುತ್ತವೆ. ಕೊಕ್ಕೆಹುಳು ತಾಯಿಯ ಹಾಲಿನಲ್ಲೇ ಬರುತ್ತದೆ. ಇನ್ನೂ ಅಂಗಳಕ್ಕೆ ಇಳಿಯದ ಮರಿಯ ಹೊಟ್ಟೆಯಲ್ಲೂ ಹುಳು ಇರುವುದು ಹೀಗೆ.

ಮೊದಲ ಡೋಸ್ ಎರಡು ವಾರಕ್ಕೆ

ಮರಿಗೆ ಎರಡು ವಾರ ತುಂಬಿದಾಗ ಮೊದಲ ಡೋಸ್ ಕೊಡಬೇಕು. ನಂತರ ನಾಲ್ಕು, ಆರು, ಎಂಟನೇ ವಾರ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಈ ವಯಸ್ಸಿಗೆ ಪೈರಾಂಟೆಲ್ ಸಿರಪ್ ಒಳ್ಳೆಯದು. ಅದು ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಹುಳುವನ್ನು ಮಾತ್ರ ನಿಶ್ಚೇಷ್ಟಗೊಳಿಸಿ ಹೊರಹಾಕುತ್ತದೆ. ಆದರೆ ಅಂಗಾಂಶಗಳಲ್ಲಿರುವ ಮರಿಹುಳುಗಳನ್ನು ಮುಟ್ಟುವುದಿಲ್ಲ. ಅವು ಬೆಳೆದು ಕರುಳಿಗೆ ಬಂದಾಗ ಮತ್ತೆ ಔಷಧ ಬೇಕಾಗುತ್ತದೆ. ಹಾಲೂಡಿಸುವ ತಾಯಿಗೂ ಅದೇ ದಿನ ಔಷಧ ಕೊಡಿಸಿ.

ಮಾತ್ರೆಗೆ ಮುನ್ನ ತೂಕ

ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಕಣ್ಣಳತೆಯಲ್ಲಿ ಕೊಟ್ಟ ಅರ್ಧ ಡೋಸ್ ಹುಳುವನ್ನು ಪೂರ್ತಿ ಕೊಲ್ಲುವುದಿಲ್ಲ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಸೇರಿದ ಮಾತ್ರೆ ಸಾಮಾನ್ಯವಾಗಿ 10 ಕೆ.ಜಿ. ತೂಕಕ್ಕೆ ಒಂದು. ಆದರೂ ಕಂಪನಿಯಿಂದ ಕಂಪನಿಗೆ ಅಳತೆ ಬದಲಾಗುವುದರಿಂದ ಪಟ್ಟಿಯ ಮೇಲಿನ ಬರಹ ಓದಿ, ಪಶುವೈದ್ಯರನ್ನು ಕೇಳಿಯೇ ಕೊಡಿ.

ಹುಳುವಿಗೆ ತಕ್ಕ ಔಷಧ

ಎಲ್ಲ ಹುಳುವಿಗೂ ಒಂದೇ ಮದ್ದು ಆಗದು. ಪೈರಾಂಟೆಲ್ ದುಂಡುಹುಳು ಮತ್ತು ಕೊಕ್ಕೆಹುಳುವಿಗೆ ಸರಿ, ಲಾಡಿಹುಳುವಿಗೆ ಉಪಯೋಗವಿಲ್ಲ. ಗುದದ್ವಾರದ ಕೂದಲಿಗೆ ಅಕ್ಕಿಕಾಳಿನಂಥ ಚೂರುಗಳು ಅಂಟಿದ್ದರೆ ಅದು ಲಾಡಿಹುಳು. ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ಸತ್ತ ಲಾಡಿಹುಳು ಕರುಳಿನಲ್ಲೇ ಕರಗಿಹೋಗುತ್ತದೆ. ಹಾಗಾಗಿ ಮಲದಲ್ಲಿ ಹುಳು ಕಾಣಲಿಲ್ಲವೆಂದು ಮತ್ತೆ ಮಾತ್ರೆ ಹಾಕಬೇಡಿ. ಇದರ ಸಾಮಾನ್ಯ ಜಾತಿ ಹರಡುವುದು ಚಿಗಟದಿಂದ. ಚಿಗಟ ಹೋಗದಿದ್ದರೆ ಕೆಲವೇ ವಾರಗಳಲ್ಲಿ ಹುಳು ಮರಳುತ್ತದೆ. ಚಾಟಿಹುಳುವಿಗೆ ಫೆನ್‌ಬೆಂಡಜೋಲ್ ಅನ್ನು ಕೆ.ಜಿ.ಗೆ 50 ಮಿ.ಗ್ರಾಂ. ಲೆಕ್ಕದಲ್ಲಿ ಸತತ ಮೂರು ದಿನ ಊಟದ ಜೊತೆ ಕೊಡುವುದು ರೂಢಿ. ಒಂದು ದಿನ ಕೊಟ್ಟು ಬಿಟ್ಟರೆ ಪ್ರಯೋಜನವಿಲ್ಲ.

ಮಾತ್ರೆಗೆ ಉಪವಾಸ ಹಾಕುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ರಾಗಿಮುದ್ದೆಯ ತುಣುಕಿನಲ್ಲಿ ಅಡಗಿಸಿ ಕೊಡಬಹುದು. ಉಗುಳುವ ನಾಯಿಯಾದರೆ ನಾಲಿಗೆಯ ಹಿಂಬದಿಗೆ ಇಟ್ಟು ಬಾಯಿ ಮುಚ್ಚಿ, ಗಂಟಲು ನೇವರಿಸಿ.

ಕೊಡಬಾರದ ಔಷಧಗಳು

ದನಕರುಗಳ ಐವರ್ಮೆಕ್ಟಿನ್ ಇಂಜೆಕ್ಷನ್ ಅನ್ನು ನಾಯಿಗೆ ಚುಚ್ಚುವವರಿದ್ದಾರೆ. ದಯವಿಟ್ಟು ಬೇಡ. ಕೋಲಿ ತಳಿಯ ಅನೇಕ ನಾಯಿಗಳಲ್ಲಿ ಇರುವ ಜೀನ್ ದೋಷದಿಂದ ಈ ಔಷಧ ಮಿದುಳಿಗೆ ನುಗ್ಗಿ ನಾಯಿ ಪ್ರಜ್ಞೆ ತಪ್ಪಬಹುದು, ಸಾಯಲೂಬಹುದು. ಹೃದಯದ ಹುಳುವಿರುವ ನಾಯಿಗೂ ಅಪಾಯವಿದೆ. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲ್ ಕೂಡ ನಾಯಿಗೆ ಒಗ್ಗುವ ಔಷಧವಲ್ಲ, ಅದು ಅಸ್ಥಿಮಜ್ಜೆಗೆ ಹಾನಿ ಮಾಡಬಲ್ಲದು.

ಮರಿಯ ಒಸಡು ಬಿಳಿಚಿಕೊಂಡು ಮಲ ಕಪ್ಪಾಗಿದ್ದರೆ ಮಾತ್ರೆ ಹುಡುಕುತ್ತ ಕೂರದೆ ತಕ್ಷಣ ಪಶು ಆಸ್ಪತ್ರೆಗೆ ಒಯ್ಯಿರಿ. ಕೊಕ್ಕೆಹುಳು ರಕ್ತ ಹೀರುತ್ತದೆ, ಮಲದಲ್ಲಿ ಮೊಟ್ಟೆ ಕಾಣುವ ಮೊದಲೇ ಮರಿ ಸಾಯಬಹುದು.

ದೊಡ್ಡ ನಾಯಿಗೆ

ಆರು ತಿಂಗಳಾದ ಮೇಲೆ ಮೂರು ತಿಂಗಳಿಗೊಮ್ಮೆ ಔಷಧ ಸಾಕು, ವರ್ಷಕ್ಕೊಮ್ಮೆಯಾದರೂ ಮಲಪರೀಕ್ಷೆ ಮಾಡಿಸಿ. ಅಂಗಳದ ಮಲವನ್ನು ದಿನವೂ ತೆಗೆಯಿರಿ. ದುಂಡುಹುಳುವಿನ ಮೊಟ್ಟೆ ಸೋಂಕು ಹರಡುವ ಹಂತ ತಲುಪಲು ಮಣ್ಣಿನಲ್ಲಿ ಎರಡು-ಮೂರು ವಾರ ಬೇಕು. ಅಲ್ಲಿಯವರೆಗೆ ಬಿಟ್ಟರೆ ಮಣ್ಣಾಡುವ ಮಕ್ಕಳ ಕಣ್ಣಿಗೇ ಕುತ್ತು. ಕಟುಕರ ಅಂಗಡಿಯಿಂದ ತಂದ ಕುರಿಯ ಹಸಿ ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಹಾಕಬೇಡಿ. ಅವುಗಳ ಗಡ್ಡೆಯಿಂದ ನಾಯಿಯ ಕರುಳು ಸೇರುವ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳು, ಮನುಷ್ಯರ ಯಕೃತ್ತು ಮತ್ತು ಶ್ವಾಸಕೋಶದಲ್ಲಿ ನೀರುಗಡ್ಡೆ ಬೆಳೆಸುತ್ತದೆ.