ತೂಕ, ಬಲ ಮತ್ತು ಕನ್ನಂಬಾಡಿಯ ನೀರು

ದಿನನಿತ್ಯದ ಮಾತಿನಲ್ಲಿ ನಾವು 'ಒಂದು ಕಿಲೋ ತೂಕ' ಎನ್ನುತ್ತೇವೆ. ಈ ಮಾತಿನಲ್ಲಿ ಎರಡು ಬೇರೆಬೇರೆ ಸಂಗತಿಗಳು ಅಡಗಿವೆ. ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ ಒಂದು. ಇದನ್ನು ದ್ರವ್ಯರಾಶಿ ಎನ್ನುವರು. ಆ ವಸ್ತುವನ್ನು ಭೂಮಿಯು ಸೆಳೆಯುವ ಬಲ ಇನ್ನೊಂದು. ಶಾಸ್ತ್ರದಲ್ಲಿ ತೂಕವೆಂದರೆ ಇದೇ. ಸಂತೆಯ ವ್ಯಾಪಾರಕ್ಕೆ ಈ ಭೇದದಿಂದ ಬಾಧಕವಿಲ್ಲ. ಅಣೆಕಟ್ಟೆ, ಸೇತುವೆ, ಯಂತ್ರಗಳ ಲೆಕ್ಕದಲ್ಲಾದರೋ ಇದನ್ನು ಮರೆತವನು ತೊಡಕಿಗೆ ಸಿಕ್ಕುತ್ತಾನೆ. ನಮ್ಮದು ಕಲಾ ಕಾಲೇಜು, ನಿಜ. ಆದರೂ ಮೈಸೂರು ಸಂಸ್ಥಾನದ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಹಳೆಯ ಕಾಮಗಾರಿಗಳ ಪೌಂಡು, ಟನ್ನುಗಳು ಎದುರಾಗುತ್ತವೆ. ಆದ್ದರಿಂದ ಈ ವಿಷಯವನ್ನು ಸಂಗ್ರಹವಾಗಿ ತಿಳಿಸಲು ಯತ್ನಿಸುತ್ತೇನೆ.

ಎರಡು ತಟ್ಟೆಗಳ ತಕ್ಕಡಿಯು ಬೆಲ್ಲವನ್ನು ಕಲ್ಲಿನೊಡನೆ ಹೋಲಿಸುತ್ತದೆ. ಭೂಮಿಯ ಸೆಳೆತ ಎರಡು ತಟ್ಟೆಗಳ ಮೇಲೂ ಸಮನಾಗಿರುವುದರಿಂದ ದೇವರಾಜ ಮಾರುಕಟ್ಟೆಯಲ್ಲಿ ತೂಗಿದರೂ ಲಂಡನ್ನಿನಲ್ಲಿ ತೂಗಿದರೂ ಉತ್ತರ ಒಂದೇ. ಸ್ಪ್ರಿಂಗ್ ತಕ್ಕಡಿಯ ರೀತಿ ಬೇರೆ. ಅದು ಅಳೆಯುವುದು ಸೆಳೆತವನ್ನು. ಸೆಳೆತವು ಊರಿಂದೂರಿಗೆ ತುಸು ವ್ಯತ್ಯಾಸವಾಗುತ್ತದೆ.

ಹೀಗಿರುವಾಗ ಸೆಳೆತವನ್ನೇ ಬಲದ ಮಾನವಾಗಿ ಇಟ್ಟುಕೊಳ್ಳುವುದು ಹೇಗೆ? ಅದಕ್ಕಾಗಿ 1901 ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವು ಗುರುತ್ವದ ವೇಗೋತ್ಕರ್ಷಕ್ಕೆ ಒಂದು ಗೊತ್ತಾದ ಬೆಲೆಯನ್ನು ಕಟ್ಟಿತು: ಸೆಕೆಂಡಿನ ವರ್ಗಕ್ಕೆ 9.80665 ಮೀಟರ್. ಒಂದು ಕಿಲೋಗ್ರಾಂ ದ್ರವ್ಯರಾಶಿಗೆ ಈ ವೇಗೋತ್ಕರ್ಷವನ್ನು ಕೊಡುವ ಬಲವೇ ಕಿಲೋಗ್ರಾಂ-ಬಲ. ಒಂದು ಪೌಂಡಿಗೆ ಅದನ್ನೇ ಕೊಡುವುದು ಪೌಂಡ್-ಬಲ. ನ್ಯೂಟನ್ ಎಂಬ ಮಾನಕ್ಕೆ ಗುರುತ್ವದ ಹಂಗಿಲ್ಲ. ಒಂದು ಕಿಲೋಗ್ರಾಮಿಗೆ ಸೆಕೆಂಡಿನ ವರ್ಗಕ್ಕೆ ಒಂದು ಮೀಟರ್ ವೇಗೋತ್ಕರ್ಷ ಕೊಡುವ ಬಲವದು. ಆ ಹೆಸರು ಅಂಗೀಕೃತವಾದದ್ದು 1948 ರಲ್ಲಿ. ಇವುಗಳ ಸಂಬಂಧ ಹೀಗಿದೆ:

1 ಕಿಲೋಗ್ರಾಂ-ಬಲ = 9.80665 ನ್ಯೂಟನ್
1 ಪೌಂಡ್-ಬಲ = 4.448 ನ್ಯೂಟನ್ = 0.4536 ಕಿಲೋಗ್ರಾಂ-ಬಲ
1 ಇಂಗ್ಲಿಷ್ ಟನ್-ಬಲ = 2240 ಪೌಂಡ್-ಬಲ = ಸುಮಾರು 9964 ನ್ಯೂಟನ್

ನಮ್ಮ ಕನ್ನಂಬಾಡಿ ಕಟ್ಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ, 1911 ರಲ್ಲಿ ಅದರ ಕೆಲಸ ಮೊದಲಾಯಿತು. ಆ ಕಾಲದ ಲೆಕ್ಕ ಅಡಿ-ಪೌಂಡುಗಳದು. ಒಂದು ಘನ ಅಡಿ ನೀರು 62.4 ಪೌಂಡು. ಆದ್ದರಿಂದ 100 ಅಡಿ ಆಳದಲ್ಲಿ ಗೋಡೆಯ ಪ್ರತಿ ಚದರ ಅಡಿಯ ಮೇಲೆ 6240 ಪೌಂಡ್-ಬಲದ ಒತ್ತಡ. ಇದನ್ನೇ ಮೆಟ್ರಿಕ್ ಪದ್ಧತಿಯಲ್ಲಿ ನೋಡಿದರೆ ಆಳ 30.48 ಮೀಟರ್, ಪ್ರತಿ ಚದರ ಮೀಟರಿಗೆ ಸುಮಾರು 30,480 ಕಿಲೋಗ್ರಾಂ-ಬಲ. ಅದನ್ನು 9.80665 ರಿಂದ ಗುಣಿಸಿದರೆ ಸುಮಾರು 2,99,000 ನ್ಯೂಟನ್. ಪೌಂಡಿನ ದಾರಿಯಿಂದ ಬಂದರೂ ಹೆಚ್ಚುಕಡಮೆ ಇದೇ ಸಿಕ್ಕುತ್ತದೆ. ಗುಣಾಕಾರವನ್ನು ಮರೆತು 30,480 ನ್ಯೂಟನ್ ಎಂದು ಬರೆದುಕೊಂಡವನು ನೀರಿನ ನೂಕನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದಂತಾಯಿತು. ಕಾಗದದ ಮೇಲೆ ಅದು ಒಂದು ಗುಣಾಕಾರದ ಮಾತು. ಕಟ್ಟೆಯ ಕೆಳಗಿನ ಊರುಗಳಿಗೆ ಪ್ರಾಣದ ಮಾತು.

ಇಲ್ಲಿ ಒಂದು ಸೂಕ್ಷ್ಮವುಂಟು. ಮೈಸೂರು ಸಮಭಾಜಕ ವೃತ್ತಕ್ಕೆ ಸಮೀಪದಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಈ ಎರಡು ಕಾರಣಗಳಿಂದ ಇಲ್ಲಿ ಸೆಳೆತ ಸ್ವಲ್ಪ ಕಡಮೆ. ಅಕ್ಷಾಂಶ, ಎತ್ತರಗಳ ಸೂತ್ರದಿಂದ ನಾನು ಲೆಕ್ಕಹಾಕಿ ನೋಡಿದಾಗ ಸುಮಾರು 9.78 ಬಂದಿತು. ಎಂದರೆ ಸಾವಿರ ಕಿಲೋಗ್ರಾಂ ನೀರಿನ ತೂಕ ನಮ್ಮ ಊರಿನಲ್ಲಿ ಸಾವಿರ ಕಿಲೋಗ್ರಾಂ-ಬಲವಲ್ಲ, ಸುಮಾರು 997 ಮಾತ್ರ. ಹಾಗೆಂದು ಮಾನಗಳನ್ನು ಪರಿವರ್ತಿಸುವಾಗ 9.78 ರಿಂದ ಗುಣಿಸಬಾರದು. ವಸ್ತುವಿನ ತೂಕ ಊರನ್ನು ಅನುಸರಿಸುತ್ತದೆ, ಮಾನವು ಅನುಸರಿಸುವುದಿಲ್ಲ. ದ್ರವ್ಯರಾಶಿಯಿಂದ ತೂಕವನ್ನು ಕಾಣಲು ಆಯಾ ಸ್ಥಳದ ಬೆಲೆ. ಕಿಲೋಗ್ರಾಂ-ಬಲವನ್ನು ನ್ಯೂಟನ್ನಿಗೆ ತಿರುಗಿಸಲು ಎಲ್ಲೆಲ್ಲಿಯೂ 9.80665. ಕಟ್ಟಡದ ಲೆಕ್ಕಕ್ಕೆ ಈ ಅಂತರ ಅಲ್ಪ, ತಿಳಿವಳಿಕೆಗೆ ಅಲ್ಪವಲ್ಲ.

ಮಾನಗಳ ಗೊಂದಲ ದೊಡ್ಡವರನ್ನೂ ಬಿಟ್ಟಿಲ್ಲ. 1998 ರಲ್ಲಿ ಅಮೆರಿಕವು ಮಂಗಳಗ್ರಹಕ್ಕೆ ಒಂದು ನೌಕೆಯನ್ನು ಕಳುಹಿಸಿತು. ಅದರ ಸಣ್ಣ ಎಂಜಿನ್ನುಗಳ ನೂಕಿನ ಲೆಕ್ಕವನ್ನು ಒಂದು ಕಡೆಯವರು ಪೌಂಡ್-ಬಲದಲ್ಲಿ ಕೊಟ್ಟರು. ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಎಂದೇ ಭಾವಿಸಿದರು. ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. 1999 ರ ಸೆಪ್ಟೆಂಬರಿನಲ್ಲಿ ನೌಕೆಯು ಗ್ರಹಕ್ಕೆ ತೀರ ಹತ್ತಿರ ಹೋಗಿ ನಷ್ಟವಾಯಿತು. ಅಲ್ಲಿ ಕೂಡುವುದು ಕಳೆಯುವುದು ಬಾರದವರು ಯಾರೂ ಇರಲಿಲ್ಲ. ಅಂಕಿಯ ಮುಂದಿನ ಹೆಸರನ್ನು ವಿಚಾರಿಸುವವರು ಇರಲಿಲ್ಲ.

ಆದ್ದರಿಂದ ಸಹಪಾಠಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಹಳೆಯ ವರದಿಯಲ್ಲಿ 'ಪೌಂಡು' ಎಂದಿದ್ದರೆ ಅದು ದ್ರವ್ಯರಾಶಿಯೋ ಬಲವೋ ಎಂದು ಮೊದಲು ಕೇಳಿರಿ. 'ಟನ್' ಎಂದಿದ್ದರೆ 2240 ಪೌಂಡಿನದೋ ಸಾವಿರ ಕಿಲೋಗ್ರಾಮಿನದೋ ಎಂದು ಕೇಳಿರಿ. ಆಮೇಲೆ ಗುಣಿಸಿರಿ. ಹೆಸರಿಲ್ಲದ ಅಂಕಿಯು ವಿಳಾಸವಿಲ್ಲದ ಕಾಗದದಂತೆ; ಎಲ್ಲಿಗೆ ಹೋಗಿ ಮುಟ್ಟೀತೆಂದು ಹೇಳಬರುವುದಿಲ್ಲ.